ಮೂಕವ್ವನ ಗುಡ್ಡ

ಸ್ವಲ್ಪ ಹತ್ತಿರ ಬನ್ನಿ, ಇದು ದನಿ ತಗ್ಗಿಸಿ ಹೇಳುವ ಮಾತು. ಗುಡ್ಡದ ಪೂಜಾರಿಯ ಕಿವಿಗೆ ಬಿದ್ದರೆ ನಾಳೆಯಿಂದ ನನ್ನ ಪಾಲಿನ ಪ್ರಸಾದ ನಿಂತಂತೆಯೇ. ಮೂಕವ್ವನ ಗುಡ್ಡದ ಮೇಲೆ ಇಂದು ಇರುವುದು ಬರೀ ಒಣಹುಲ್ಲು, ನೀರಿಲ್ಲದ ಒರತೆಯ ಗುಂಡಿ, ಅದರ ಅಂಚಿನಲ್ಲಿ ಕಲ್ಲಿನಂತೆ ಗಟ್ಟಿಯಾದ ಬೀಟೆಮರದ ಬೊಡ್ಡೆ. ಮಾತು ಬಾರದ ಮಕ್ಕಳನ್ನು ಕರೆತಂದು ಬೊಡ್ಡೆಗೆ ಬೆಣ್ಣೆ ಸವರುತ್ತಾರೆ. ಮೂಕಿಯಾದ ದೇವಿ ಇಲ್ಲಿ ನೆಲೆಸಿದಳು ಎನ್ನುತ್ತಾರೆ. ನೆಲೆಸಿದಳಂತೆ! ಆಕೆ ದೇವಿಯೂ ಅಲ್ಲ, ಮೂಕಿಯಂತೂ ಅಲ್ಲವೇ ಅಲ್ಲ.

ಹಿಂದೆ ಒಮ್ಮೆ, ಈ ಗುಡ್ಡದಲ್ಲಿ ತೇಗ, ಬೀಟೆ, ಮತ್ತಿ ಬಿಸಿಲು ನೆಲಕ್ಕಿಳಿಯದಂತೆ ನಿಂತಿದ್ದ ಕಾಲದಲ್ಲಿ, ಕಾಡಿನ ಗಾರ್ಡ್ ಬಸಲಿಂಗನ ಹೆಂಡತಿಯಾಗಿದ್ದವಳು ತುಳಜವ್ವ. ಯಾರ ಸೊಸೆ ಯಾರನ್ನು ನೋಡಿ ನಕ್ಕಳು ಎಂಬುದು ನಕ್ಕವಳಿಗಿಂತ ಮೊದಲು ತುಳಜವ್ವನಿಗೆ ಗೊತ್ತು. ಬಸಲಿಂಗನ ಬಳಿ ಮರಕ್ಕೆ ಸರಕಾರದ ಗುರುತು ಒತ್ತುವ ಮುದ್ರೆ ಸುತ್ತಿಗೆ ಇತ್ತು. ಬುಡಕ್ಕೆ ಅದರ ಏಟು ಬಿದ್ದ ಮರವನ್ನಷ್ಟೇ ಕಡಿಯಬೇಕು, ಅದೂ ಮುದ್ರೆ ಬೊಡ್ಡೆಯಲ್ಲಿ ಉಳಿಯುವಂತೆ. ಮುದ್ರೆ ಕಂಡರೆ ಊರಿನಲ್ಲಿ ಯಾರೂ ತುಟಿ ಬಿಚ್ಚುತ್ತಿರಲಿಲ್ಲ.

ಬಸಲಿಂಗ ಚಳಿಜ್ವರದಲ್ಲಿ ಮಲಗಿದ್ದಾಗ ಮರದ ಗುತ್ತಿಗೆದಾರ ಬಂದ. ಮೀಸೆ ತಿರುವಿ, "ವೈನಿ, ಗಾಳಿಗೆ ಬಿದ್ದ ನಾಲ್ಕು ಮರ, ಒಂದೇ ಮಧ್ಯಾಹ್ನ, ಸುತ್ತಿಗೆ ಕೊಡಿ" ಎಂದ. ಹಸಿರು ಇಳಕಲ್ಲ ಸೀರೆಯನ್ನೂ ತಂದಿದ್ದ. ಅವನು ಕುಡಿದದ್ದು ಬರೀ ಮಜ್ಜಿಗೆಯೋ, ಇನ್ನೇನೋ, ನಾನು ಹೇಳಲಾರೆ. ಹೊರಡಲು ಬಹಳ ಹೊತ್ತು ಹಿಡಿಯಿತು. ಸುತ್ತಿಗೆ ಅವನೊಂದಿಗೆ ಹೋಯಿತು.

ಮೂರನೆಯ ದಿನ ಗುಡ್ಡಕ್ಕೆ ಗುಡ್ಡವೇ ಮುದ್ರೆ ಹೊತ್ತು ನಿಂತಿತ್ತು. ಊರೆಲ್ಲ ನೀರು ತರುವ ಒರತೆಗೆ ನೆರಳಾಗಿದ್ದ ಬೀಟೆಯನ್ನೂ ಬಿಟ್ಟಿರಲಿಲ್ಲ. ಕೊಡಲಿಯವರು ಬಂದಾಗ ನೆರೆಮನೆಯ ಕಾಶವ್ವ ಕೊಡ ಇಳಿಸಿ, "ಏನೇ ತುಳಜೀ, ನಿನ್ನ ಗಂಡ ಒರತೆಯ ಮರಕ್ಕೂ ಹೊಡೆದನೇನೇ?" ಎಂದಳು. ಇಲ್ಲ ಎಂದಿದ್ದರೆ ಸಾಕಿತ್ತು, ಮರ ಉಳಿಯುತ್ತಿತ್ತು. ಆದರೆ ಸುತ್ತಿಗೆ ಹೋದದ್ದು ಹೇಗೆ, ಸೀರೆ ಬಂದದ್ದು ಯಾಕೆ, ಎಲ್ಲವನ್ನೂ ಹೇಳಬೇಕಾಗುತ್ತಿತ್ತು. ಊರವರ ಮಾನ ಹರಾಜು ಹಾಕಿದವಳಿಗೆ ತನ್ನ ಸರದಿ ಬೇಡವಾಯಿತು. ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಳು. ಮುದ್ರೆ ಇದೆಯಲ್ಲ ಎಂದು ಉಳಿದವರೂ ಪಕ್ಕಕ್ಕೆ ಸರಿದರು.

ಆ ಬೇಸಗೆಗೆ ಒರತೆ ಬತ್ತಿತು. ಮೇಲಿನವರು ವಿಚಾರಣೆಗೆ ಬಂದರು. ಬಸಲಿಂಗ ಬೊಡ್ಡೆಯ ಮುದ್ರೆಯನ್ನು ಬೆರಳಿನಿಂದ ಸವರಿದ, ಒಮ್ಮೆ ಹೆಂಡತಿಯ ಮುಖ ನೋಡಿದ, "ಸುತ್ತಿಗೆ ನನ್ನದು, ಕೈಯೂ ನನ್ನದೇ" ಎಂದ. ಕರೆದೊಯ್ದವರು ಅವನನ್ನು ಮರಳಿ ಕಳಿಸಲಿಲ್ಲ.

ಬೆಣ್ಣೆ ಒರೆಸಿ ನೋಡಿದರೆ ಆ ಮುದ್ರೆ ಈಗಲೂ ಕಾಣುತ್ತದೆ. ಗಂಡನನ್ನು ಕರೆದೊಯ್ದ ದಿನ ತುಳಜವ್ವ ಅದರ ಪಕ್ಕದಲ್ಲೇ ಕುಸಿದು ಕೂತಿದ್ದಳಂತೆ. ಕಾಶವ್ವ ಬರಿಗೊಡವನ್ನು ಅವಳ ಮುಂದೆ ಕುಕ್ಕಿ ಮುಖಕ್ಕೇ ಹೇಳಿದಳು:

"ಊರವರ ಮನೆಮನೆಯ ಸುದ್ದಿಗೂ ನಿನಗೆ ಬಾಯಿತ್ತಲ್ಲೇ. ಅವತ್ತು ಎಲ್ಲಿಟ್ಟಿದ್ದೆ ಅದನ್ನ, ಮೂಕವ್ವ?"