ನೆಗೆತವ್ವನ ಮನೆಗೆ ಬಂದ ಮಣ್ಣಿನ ತೊಟ್ಟಿಲು

ಒಂದು ರಾಜ್ಯ. ರಾಜ್ಯಕ್ಕೊಬ್ಬ ರಾಜ. ರಾಜನ ಸುದ್ದಿ ನಮಗೆ ಬೇಡ ಮಕ್ಕಳೇ, ಅವನ ಅಡುಗೆಮನೆಗೆ ಹೋಗೋಣ. ಅಲ್ಲಿ ಕಿಟಕಿಯ ಸಂದಿಯಲ್ಲಿ ನೆಗೆತವ್ವ ಅನ್ನೋ ಪುಟ್ಟ ಜೇಡ ಇದ್ದಳು. ಬಲೆ ಕಟ್ಟಿ ಕಾಯೋ ಜಾತಿಯಲ್ಲ ಅವಳದು. ನೊಣ ಕಂಡರೆ ಚಂಗನೆ ನೆಗೆದು ಹಿಡಿಯೋಳು.

ಅವಳಿಗೆ ಮಕ್ಕಳಾದವು, ಸಾಸಿವೆ ಕಾಳಿನಷ್ಟು ಸಣ್ಣವು. ಜೇಡ ಎಲ್ಲಾದರೂ ಹಾಲು ಕುಡಿಸುತ್ತಾ ಅನ್ನಬೇಡಿ, ಇವಳು ಕುಡಿಸೋಳು. ಮಕ್ಕಳನ್ನು ಹೊಟ್ಟೆಗೆ ಒತ್ತಿಕೊಂಡು ರೇಷ್ಮೆಗೂಡಿನಲ್ಲಿ ಒಬ್ಬಳೇ ಮಲಗಿದ್ದಳು ಪಾಪ. ಬಾಣಂತನಕ್ಕೆ ತವರಿನಿಂದ ಯಾರೂ ಬರಲಿಲ್ಲವಲ್ಲ ಅಂತ ಅಳೋಳು. ಅದೂ ಎಂಟು ಕಣ್ಣಲ್ಲಿ!

ಆ ಅಳು ಕುಂಬಾರ ಹುಳದ ಕಿವಿಗೆ ಬಿತ್ತು. ಗೋಡೆಗೆ ಮಣ್ಣಿನ ಗುಡಾಣ ಮೆತ್ತುವ ಕಣಜ ಅವನು. ತನ್ನ ಮರಿಗಳ ಊಟಕ್ಕೆ ಜೇಡಗಳನ್ನು ಹಿಡಿದು ಅದರೊಳಗೆ ತುಂಬುವುದೇ ಅವನ ಕಸುಬು.

ಮೊದಲ ದಿನ ಬಂದ. “ತಂಗೀ, ನಾನು ನಿನ್ನ ತವರಿನ ಅಣ್ಣ ಕಣವ್ವ. ಮಕ್ಕಳ ಮುಖ ತೋರಿಸು.”

ತವರು ಅನ್ನೋ ಮಾತಿಗೇ ಅವಳ ಕರುಳು ಚುರ್ ಅಂದಿತು. ಆದರೂ, “ಪುರುಡು ಕಳೀಲಿ ಅಣ್ಣಯ್ಯ,” ಅಂದಳು.

ಮಾರನೇ ದಿನ ಬಂದ. “ಒಂದೇ ಒಂದು ಮಗೂನ ಎತ್ತಿ ಆಡಿಸ್ತೀನಿ, ಕೊಡವ್ವ.”

“ಈಗಷ್ಟೇ ನಿದ್ದೆ ಹೋಗಿದಾವೆ ಅಣ್ಣಯ್ಯ.”

ಮೂರನೇ ದಿನ ಬಂದವನೇ ಗೂಡಿನ ಬಾಗಿಲಲ್ಲಿ ಹಸಿಮಣ್ಣಿನ ಗುಡಾಣ ಮೆತ್ತಿದ. “ಸೋದರಮಾವ ಬರಿಗೈಲಿ ಬರ್ತಾನಾ? ತೊಟ್ಟಿಲು ತಂದಿದೀನಿ. ಎಲ್ಲಾ ಮಕ್ಕಳನ್ನೂ ಮಲಗಿಸು, ನಾನೇ ತೂಗ್ತೀನಿ.”

ನೆಗೆತವ್ವನಿಗೆ ಹಿಡಿಸಲಾರದಷ್ಟು ಸಂತೋಷ. ಓಡಿಬಂದು ತೊಟ್ಟಿಲು ಸವರಿದಳು. ಅಂಚಿನ ಮಣ್ಣಿಗೆ ಒಂದು ಕಾಲು ಅಂಟಿಕೊಂಡಿತ್ತು. ನೋಡಿದರೆ, ಅಟ್ಟದ ಮೇಲಿನ ಗಂಗವ್ವ ಜೇಡದ ಕಾಲು! ಇವನು ಅಣ್ಣನಲ್ಲ, ಜೇಡ ತುಂಬೋ ಕುಂಬಾರ ಹುಳ ಅಂತ ಆಗ ಗೊತ್ತಾಯಿತು. ಈಗ ಕೂಗಿಕೊಂಡರೆ ಒಂದು ಮಗುವೂ ಉಳಿಯೋದಿಲ್ಲ. ಹಾಗಾಗಿ ನಗುನಗುತ್ತಲೇ ಅಂದಳು:

“ಲಕ್ಷಣವಾಗಿದೆ ಅಣ್ಣಯ್ಯ. ಆದರೆ ತಳ ಒರಟು, ಮಕ್ಕಳ ಬೆನ್ನಿಗೆ ಒತ್ತುತ್ತೆ. ಒಳಗಿಳಿದು ಒಂದಿಷ್ಟು ನುಣ್ಣಗೆ ಮಾಡಿಕೊಡು.”

ಆಸೆಬುರುಕ ತಲೆ ಮುಂದಾಗಿ ಇಳಿದ. ನೆಗೆತವ್ವ ಚಂಗನೆ ನೆಗೆದಳು. ಕಿಟಕಿಯಲ್ಲಿ ಬಿದ್ದಿದ್ದ ಒಣ ಕಡಲೆಕಾಳೊಂದನ್ನು ಉರುಳಿಸಿ ತಂದು ಗುಡಾಣದ ಬಾಯಿಗೆ ದಬ್ಬಿದಳು.

“ಇದೇನವ್ವಾ, ಕತ್ತಲೆ!”

“ಶಾಸ್ತ್ರ ಅಣ್ಣಯ್ಯ. ಮಗು ಮಲಗಿಸೋ ಮುಂಚೆ ತೊಟ್ಟಿಲಿಗೆ ಗುಂಡುಕಲ್ಲು ಹಾಕಬೇಕಲ್ಲ? ಸೋದರಮಾವನಿಗೆ ಅಷ್ಟೂ ಗೊತ್ತಿಲ್ವಾ?”

ಹಸಿಮಣ್ಣಿನ ನೀರು ಕುಡಿದು ಕಡಲೆ ಉಬ್ಬಿತು. ಗುಡಾಣದ ಬಾಯಿ ಬಿಗಿಯಾಯಿತು. ಒಳಗಿದ್ದವನು ಗುಂಯ್ ಅಂದ, ಗೊಂಯ್ ಅಂದ, ಕೊನೆಗೆ ಸುಮ್ಮನಾದ.

ನೆಗೆತವ್ವ ಗೂಡಿಗೆ ಓಡಿಹೋಗಿ ಮಕ್ಕಳನ್ನೆಲ್ಲ ಬಾಚಿ ತಬ್ಬಿಕೊಂಡಳು. “ತವರಿಲ್ಲದಿದ್ದರೆ ಇಲ್ಲ ಬಿಡ್ರೋ. ನಿಮಗೆ ನಾನಿದೀನಿ, ನನಗೆ ನೀವಿದೀರಿ,” ಅಂದಳು. ಅವು ಹಾಲು ಕುಡಿಯುತ್ತ ನಿದ್ದೆ ಹೋದವು.

ಅದಕ್ಕೇ ಮಕ್ಕಳೇ, ನೆಂಟ ಅಂತ ಹೇಳಿಕೊಂಡು ಬಂದವನೆಲ್ಲ ನೆಂಟನಲ್ಲ. ಅವನು ತಂದ ತೊಟ್ಟಿಲಿಗೆ ಮೊದಲು ಅವನನ್ನೇ ಇಳಿಸಿ ನೋಡಬೇಕು.