ಒಂದೇ ಅಳತೆ, ಒಂದೇ ಬಾಲ

ಹೊನ್ನಗಿರಿ ಸಂಸ್ಥಾನದ ದೊರೆ ಚೆನ್ನವೀರ ನಾಯಕರಿಗೆ ಜೋಡಿ ಕುದುರೆಗಳ ಹುಚ್ಚು. ಸಾರೋಟಿಗೆ ಕಟ್ಟುವ ಎರಡೂ ಕುದುರೆ ಒಂದೇ ಎತ್ತರ ಇರಬೇಕು, ಬಾಲವೂ ಒಂದೇ ಥರ ಇರಬೇಕು. ಕೂದಲಷ್ಟು ಹೆಚ್ಚುಕಮ್ಮಿಯಾದರೂ ಆ ದಿನ ಅವರಿಗೆ ಅನ್ನ ಸೇರುತ್ತಿರಲಿಲ್ಲ.

ಇಂಥವರಿಗೆ ಇಂಗ್ಲಿಷ್ ಕಲಿಸಲು ಮದರಾಸಿನಿಂದ ಪರಾಂಕುಶಯ್ಯ ಎಂಬ ದುಬಾಷಿ ಬಂದ. ಬಂದವನು ಮೊದಲ ಪಾಠದಲ್ಲೇ ಹೇಳಿದ, "ಕೇಳೋಣವಾಗಲಿ ಮಹಾಸ್ವಾಮಿ. ಬಾಲ್, ಕಾಲ್, ಫಾಲ್, ಹಾಲ್. ಎಲ್ಲಕ್ಕೂ ನಾಲ್ಕೇ ಅಕ್ಷರ. ಕೊನೆಯ ಮೂರು ಅಕ್ಷರವೂ ಎಲ್ಲಕ್ಕೂ ಅವೇ."

"ಅಂದರೆ ಒಂದೇ ಅಳತೆ, ಒಂದೇ ಬಾಲ!" ಅಂದರು ದೊರೆ. ಲಾಯ ಬಿಟ್ಟು ಬೇರೆಲ್ಲೂ ಅವರ ಮುಖ ಅಷ್ಟು ಅರಳಿದ್ದನ್ನು ಯಾರೂ ಕಂಡಿರಲಿಲ್ಲ.

ಮಾರನೆಯ ದಿನವೇ ಅಪ್ಪಣೆಯಾಯಿತು. ಆಸ್ಥಾನದಲ್ಲಿ ಕೂರುವವರೆಲ್ಲ ಈ ಸಾಲಿಗೆ ಒಂದೊಂದು ಇಂಗ್ಲಿಷ್ ಪದ ಸೇರಿಸಬೇಕು. ಆಗದವರು ಅರಮನೆ ಕೊಟ್ಟ ಮನೆ ಬಿಟ್ಟು ಹೋಗಬೇಕು. ಪದ ಸರಿಯೋ ತಪ್ಪೋ ಎಂದು ಹೇಳುವವರು ಯಾರು? ಊರಿನಲ್ಲಿ ಇಂಗ್ಲಿಷ್ ಬಲ್ಲವನು ಒಬ್ಬನೇ, ದುಬಾಷಿ. ತೀರ್ಪೂ ಅವನದೇ ಆಯಿತು.

ಮೊದಲು ಎದ್ದವರು ಆಸ್ಥಾನಕವಿ ಹಂಪಯ್ಯನವರು. ವಯಸ್ಸಾದ ಜೀವ. ಅವರ ಮನೆಯ ಬಾವಿಯ ನೀರು ಸಿಹಿ ಎಂದು ಊರಿಗೆಲ್ಲ ಹೆಸರು. ಆ ಬಾವಿ ಯಾರದು ಎಂದು ದುಬಾಷಿ ಬಂದ ದಿನವೇ ವಿಚಾರಿಸಿದ್ದ.

"ಮಹಾಸ್ವಾಮಿ, ನಮ್ಮ ಕನ್ನಡದ ಕವಿಗಳು ಪ್ರಾಸವನ್ನು ಸಾಲಿನ ಎರಡನೆಯ ಅಕ್ಷರದಲ್ಲಿ ಇಡ್ತಾರೆ," ಅಂದರು ಹಂಪಯ್ಯ.

"ಅದು ಕುತ್ತಿಗೆಯಾಯಿತು ಕವಿಗಳೇ. ನಮಗೆ ಬಾಲ ಬೇಕು," ಅಂದರು ದೊರೆ.

ಹಂಪಯ್ಯ ಬೆವರು ಒರೆಸಿಕೊಂಡರು. "ಸಾಲ್?"

"ಅಂಥ ಪದ ಇಲ್ಲ," ಅಂದ ದುಬಾಷಿ.

"ಪಾಲ್?"

"ಇಲ್ಲ."

"ಹಾಲ್?"

"ಅದು ನಾನು ಆಗಲೇ ಹೇಳಿದ್ದು. ಎಂಜಲು."

ಈ ವಯಸ್ಸಿನಲ್ಲಿ ಹಂಪಯ್ಯನವರು ಹೆಂಡತಿಯನ್ನು ಕರೆದುಕೊಂಡು ಎಲ್ಲಿಗೆ ಹೋಗುವುದು? ನೋಡುತ್ತಿದ್ದವರಿಗೆಲ್ಲ ಅವರವರ ಮನೆಯ ಚಿಂತೆ.

ಆಗ ವಿದೂಷಕ ಬೊಮ್ಮರಸಯ್ಯ ಎದ್ದ. "ಮಹಾಸ್ವಾಮಿ, ಕವಿಗಳ ಪರವಾಗಿ ನಾನೊಂದು ಪದ ಹೇಳಬಹುದೋ?"

"ನಿನಗೆ ಇಂಗ್ಲಿಷ್ ಬರುತ್ತದೆಯೋ?"

"ಇಲ್ಲ ಮಹಾಸ್ವಾಮಿ. ಹಿಂದೆ ಕಲೆಕ್ಟರ್ ಸಾಹೇಬರ ಡೇರೆಯ ಹತ್ತಿರ ನಿಂತಿದ್ದಾಗ ಒಂದು ಪದ ಕಿವಿಗೆ ಬಿತ್ತು. ಝಾಲ್."

ಅಂಥ ಪದ ಇಲ್ಲ ಎನ್ನಲು ದುಬಾಷಿ ಬಾಯಿ ತೆರೆದ. ಬೊಮ್ಮರಸಯ್ಯ ಮಾತು ಮುಂದುವರಿಸಿದ, "ಅದು ದೊಡ್ಡ ಬಿರುದಂತೆ. ಇಡೀ ಸೀಮೆಗೇ ಮಿಗಿಲಾದ ವಿದ್ವಾಂಸ ಒಬ್ಬನಿದ್ದರೆ ಅವನಿಗೆ ಕೊಡೋದಂತೆ. ಪಲ್ಲಕ್ಕಿ, ಛತ್ರಿ, ಒಂದು ಊರು ಉಂಬಳಿ. ಸುಳ್ಳೋ ನಿಜವೋ, ದುಬಾಷಿಗಳೇ ಹೇಳಬೇಕು."

ದುಬಾಷಿ ತೆರೆದ ಬಾಯಲ್ಲೇ ಮಾತು ಬದಲಿಸಿದ.

"ಇದೆ ಮಹಾಸ್ವಾಮಿ," ಅಂದ. "ಝಾಲ್. ನಾಲ್ಕೇ ಅಕ್ಷರ, ಬಾಲವೂ ಅದೇ. ಬಹಳ ಹಳೆಯ ಪದ. ನನ್ನ ಗುರುಗಳೇ ಮದರಾಸಿನಲ್ಲಿ ಝಾಲ್ ಆಗಿದ್ದರು."

ದೊರೆಗಳು ಖುಷಿಯಾದರು. "ಹಾಗಾದರೆ ನಮ್ಮ ಸಂಸ್ಥಾನಕ್ಕೂ ಒಬ್ಬ ಝಾಲ್ ಬೇಡವೇ? ದುಬಾಷಿಗಳೇ, ಇವತ್ತಿನಿಂದ ನೀವೇ ನಮ್ಮ ಝಾಲ್!"

ದುಬಾಷಿ ಬಗ್ಗಿ ಮುಜುರೆ ಮಾಡಿದ. ಬೊಮ್ಮರಸಯ್ಯನೂ ಕೈಮುಗಿದು ಲಾಯದ ಕಡೆ ತಿರುಗಿ ಕೂಗಿದ, "ಲೋ, ಆ ಕರಿ ಕುದುರೆ ತನ್ನಿರೋ!"

"ಕುದುರೆ ಯಾಕೆ?" ಅಂದ ದುಬಾಷಿ.

"ಇದೇನು ಸ್ವಾಮಿ, ನಿಮ್ಮ ಗುರುಗಳು ಹತ್ತಲಿಲ್ಲವೇ? ಝಾಲ್ ಆದವರು ಮೀಸೆ ಬೋಳಿಸಿಕೊಂಡು, ಇನ್ನೂ ಪಳಗದ ಕುದುರೆಯನ್ನು ಜೀನು ಲಗಾಮು ಇಲ್ಲದೆ ಹತ್ತಿ, ಊರು ಒಂದು ಸುತ್ತು ಬರಬೇಕಂತಲ್ಲ. ಡೇರೆಯ ಹತ್ತಿರ ಹಾಗೇ ಮಾತಾಡಿಕೊಳ್ತಿದ್ದರು."

ಕುದುರೆ ಅಂದ ಕೂಡಲೇ ದೊರೆಗಳು ಸಿಂಹಾಸನದಿಂದ ಎದ್ದೇಬಿಟ್ಟರು. "ಎಂಥಾ ಒಳ್ಳೇ ಪದ್ಧತಿ! ತನ್ನಿ, ತನ್ನಿ. ಕ್ಷೌರಿಕನನ್ನೂ ಕರೆಯಿರಿ."

ಕರಿ ಕುದುರೆ ಬಂತು. ಅದು ಹಿಂದಿನ ವಾರ ರಾವುತನನ್ನು ಎತ್ತಿ ಹುಲ್ಲಿನ ಬಣವೆಯ ಮೇಲೆ ಎಸೆದಿತ್ತು. ಊರು ಸುತ್ತುವ ದಾರಿಯಲ್ಲಿ ಬಣವೆ ಇರಲಿಲ್ಲ. ಕುದುರೆ ದುಬಾಷಿಯನ್ನು ನೋಡಿ ಮೂಗು ಅರಳಿಸಿತು. ಕ್ಷೌರಿಕ ಕತ್ತಿ ಮಸೆಯುತ್ತ ಪಕ್ಕದಲ್ಲಿ ನಿಂತ.

"ಮಹಾಸ್ವಾಮಿ!" ದುಬಾಷಿ ದೊರೆಗಳ ಕಾಲಿಗೆ ಬಿದ್ದ. "ಝಾಲ್ ಅನ್ನೋ ಪದವೇ ಇಲ್ಲ! ಇಂಗ್ಲಿಷಿನಲ್ಲಿ ಎಲ್ಲೂ ಇಲ್ಲ!"

"ಈಗ ತಾನೆ ಇದೆ ಅಂದಿರಿ."

"ತಪ್ಪಾಯಿತು ಮಹಾಸ್ವಾಮಿ."

ದೊರೆಗಳ ಮುಖ ಗಂಟಾಯಿತು. "ಬೊಮ್ಮರಸಯ್ಯ, ಇದೇನಯ್ಯ? ಪದ ಇದೆಯೋ, ಇಲ್ಲವೋ?"

"ಇತ್ತು ಮಹಾಸ್ವಾಮಿ," ಅಂದ ಬೊಮ್ಮರಸಯ್ಯ, ಸಾವಿನ ಮನೆಗೆ ಬಂದವನ ಹಾಗೆ ಉತ್ತರೀಯವನ್ನು ಸೊಂಟಕ್ಕೆ ಬಿಗಿದುಕೊಳ್ಳುತ್ತ. "ದುಬಾಷಿಗಳ ಬಾಯಲ್ಲೇ ಹುಟ್ಟಿತು, ದುಬಾಷಿಗಳ ಬಾಯಲ್ಲೇ ಸತ್ತಿತು. ಎಳೇ ಕೂಸು. ಈಗ ಅವರಿಗೆ ಹುಟ್ಟಿದ ಮೈಲಿಗೆಯೂ ಉಂಟು, ಸತ್ತ ಸೂತಕವೂ ಉಂಟು. ಸೂತಕ ಇದ್ದವರು ಆಸ್ಥಾನದಲ್ಲಿ ಕೂತು ತೀರ್ಪು ಹೇಳೋ ಪದ್ಧತಿ ನಮ್ಮಲ್ಲಿಲ್ಲ. ಅವರು ಹೇಳಿದ ತೀರ್ಪೂ ನಿಲ್ಲೋದಿಲ್ಲ."

ಪುರೋಹಿತರು ಯೋಚಿಸಿ, ಹೌದೆಂದು ತಲೆಯಾಡಿಸಿದರು.

ದೊರೆಗಳಿಗೆ ನಗು ತಡೆಯಲಾಗಲಿಲ್ಲ. ನಕ್ಕೂ ನಕ್ಕೂ ಕಿರೀಟ ಜಾರಿತು. "ಹಂಪಯ್ಯನವರೇ, ಮನೆಯೂ ನಿಮ್ಮದೇ, ಬಾವಿಯೂ ನಿಮ್ಮದೇ. ನಾವಿರೋವರೆಗೆ ಯಾರೂ ಕೇಳೋದಿಲ್ಲ." ಹಂಪಯ್ಯ ಅಲ್ಲಿಯೇ ಕೂತು ಅತ್ತುಬಿಟ್ಟರು. ದೊರೆಗಳು ತಮ್ಮ ಕೊರಳ ಹಾರ ತೆಗೆದು ಬೊಮ್ಮರಸಯ್ಯನಿಗೆ ಹಾಕಿದರು.

ಬಾಗಿಲವರೆಗೆ ಹೋಗಿದ್ದ ದುಬಾಷಿ ತಿರುಗಿ ನಿಂತ. "ಸೂತಕ ಹತ್ತು ದಿನ ತಾನೆ? ಹನ್ನೊಂದನೆಯ ದಿನ ಬರಬಹುದಲ್ಲ?"

"ಧಾರಾಳವಾಗಿ ಬನ್ನಿ ಸ್ವಾಮಿ," ಅಂದ ಬೊಮ್ಮರಸಯ್ಯ. "ಹತ್ತು ದಿನ ಬಾಯಿ ಮುಚ್ಚಿಕೊಂಡಿರಿ, ಸಾಕು. ತೆರೆದರೆ ಇನ್ನೊಂದು ಹೆರಿಗೆಯಾದೀತು."