ಮೊಲಕ್ಕೊಂದು ಕಿಟಕಿ

ಹಳೇ ಪ್ಲಾಸ್ಟಿಕ್ ಪೆಟ್ಟಿಗೆಗೆ ಮರದ ಪಟ್ಟಿ ಹೊಡೆದು ಕಾವಲುಗಾರ ಮಾಡಿದ್ದ ಮೊಲದ ಗೂಡನ್ನು ಸಾಹುಕಾರ ವರದರಾಜಯ್ಯ ಕಾಲಲ್ಲೇ ಒದ್ದರು.

"ಗಾಳಿಯೇ ಆಡಲ್ವಲ್ಲೋ! ನನ್ನ ಮೊಲ ಉಸಿರುಕಟ್ಟಿ ಸತ್ತರೆ? ಸಂಜೆಯೊಳಗೆ ಕಿಟಕಿ ಇಡು. ಇಲ್ಲಾಂದ್ರೆ ಗಂಟುಮೂಟೆ ಕಟ್ಟು."

ಕಾವಲುಗಾರ ಗರಗಸ ಹಿಡಿದ. ಸಂಜೆಗೆ ಕಿಟಕಿಯೂ ಆಯಿತು. ಹೊರಗೆ ನಾಯಿ ಕಾಟ ಅಂತ ಗೂಡನ್ನು ತನ್ನ ಹಲಗೆ ಶೆಡ್ಡಿನೊಳಗೆ ಇಟ್ಟ.

ನೋಡಲು ಬಂದ ಸಾಹುಕಾರರು ತಲೆ ತಗ್ಗಿಸಿ ಒಳಹೊಕ್ಕರು. ಹೊಕ್ಕವರೇ ಬೆವರಿ ತೊಪ್ಪೆಯಾದರು.

"ಮುಠ್ಠಾಳ! ಈ ಕುಲುಮೆಯಲ್ಲಿ ಮೊಲ ಇಡ್ತಾರೇನೋ? ಒಂದು ಕಿಟಕಿನೂ ಇಲ್ಲ! ಬೆಳಗಾಗೋದ್ರೊಳಗೆ ಸಾಯುತ್ತೆ!"

ಮೂಲೆಯಲ್ಲಿ ಕೂಸಿಗೆ ಮೊರದಿಂದ ಗಾಳಿ ಹಾಕುತ್ತಿದ್ದ ಕಾವಲುಗಾರನ ಹೆಂಡತಿ ಕೈ ನಿಲ್ಲಿಸಿದಳು.

"ಹೋದ ಬೇಸಗೇಲಿ ನಾನು ಕಿಟಕಿ ಕೇಳಿದಾಗ ಶೆಡ್ಡಿಗ್ಯಾಕೆ ಅಂದಿದ್ರಿ, ಬುದ್ಧೀ." ಕಾವಲುಗಾರ ಗರಗಸ ಎತ್ತಿಕೊಂಡ. "ಈಗ ಮೊಲಕ್ಕೋಸ್ಕರ ಎಲ್ಲಿ ಕೊಯ್ಯಲಿ?"

ಸಾಹುಕಾರರು ಕೂಸನ್ನು ನೋಡಿದರು. ಅವರ ಬೆರಳು ಮೆಲ್ಲಗೆ ಕೂಸಿನ ಪಕ್ಕದ ಹಲಗೆಯನ್ನು ತೋರಿಸಿತು.